10,000 ಇಂಚಿಗೆ ಎಷ್ಟು ಗಜ? ಕ್ಯಾಲ್ಕುಲೇಟರ್ ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು

ಪ್ರಶ್ನೆ: ಮಗಳಿಗೆ ಇಂಚು, ಅಡಿ, ಗಜ, ಮೈಲಿಯ ಲೆಕ್ಕ ಹೇಳಿಕೊಡಲು ಕೂತು ನಾನೇ ಗೊಂದಲಕ್ಕೆ ಬಿದ್ದಿದ್ದೇನೆ. ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂದು ಪ್ರತಿ ಸಲ ತಡವರಿಸುತ್ತೇನೆ. 10,000 ಇಂಚನ್ನು ಗಜಕ್ಕೆ ಬದಲಿಸಿದರೆ ಕ್ಯಾಲ್ಕುಲೇಟರ್ 277.78 ಎನ್ನುತ್ತದೆ. ಪುಸ್ತಕದ ಕೊನೆಯಲ್ಲಿರುವ ಉತ್ತರ 277 ಗಜ 2 ಅಡಿ 4 ಇಂಚು. ಆ 78 ಎಲ್ಲಿ, ಈ 2 ಅಡಿ 4 ಇಂಚು ಎಲ್ಲಿ? ಒಂದು ಮೈಲಿಗೆ 63,360 ಇಂಚು ಅಂತೆಲ್ಲ ಬಾಯಿಪಾಠ ಮಾಡಲೇಬೇಕಾ?

ಉತ್ತರ: ಬಾಯಿಪಾಠ ಬೇಡ. ನಿಮ್ಮ ಎರಡು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ಕ್ಯಾಲ್ಕುಲೇಟರ್ ತೋರಿಸಿದ 0.78 ಎಂದರೆ ಒಂದು ಗಜದಲ್ಲಿ ನೂರಕ್ಕೆ 78 ಪಾಲು. ಅದು 78 ಇಂಚೂ ಅಲ್ಲ, 7 ಅಡಿ 8 ಇಂಚೂ ಅಲ್ಲ. ಗಜಕ್ಕೆ 36 ಇಂಚು. ಕ್ಯಾಲ್ಕುಲೇಟರ್ 0.78 ಎಂದು ದುಂಡಾಗಿಸುವ ಮೊದಲಿದ್ದ ಪೂರ್ತಿ ಬೆಲೆಯಾದ 0.7777… ಅನ್ನು 36ರಿಂದ ಗುಣಿಸಿ ನೋಡಿ, 28 ಇಂಚು ಬರುತ್ತದೆ. 28 ಇಂಚು ಎಂದರೆ 2 ಅಡಿ 4 ಇಂಚು. ಪುಸ್ತಕ ಹೇಳಿದ್ದೂ ಅದನ್ನೇ. ಕ್ಯಾಲ್ಕುಲೇಟರ್‌ಗೆ ಹತ್ತು, ನೂರು, ಸಾವಿರ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಈ ಅಳತೆಗಳೋ ಹತ್ತರ ಮಾತೇ ಆಡುವುದಿಲ್ಲ. ಈ ಲೆಕ್ಕದಲ್ಲಿ ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಆ ಪುಟ್ಟ ಚುಕ್ಕೆಯ ಹತ್ತಿರವೇ. ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ಗುಣಿಸುವುದೋ ಭಾಗಿಸುವುದೋ ಎಂಬ ತಡವರಿಕೆ. ಒಂದು ತೊಟ್ಟಿ ನೀರನ್ನು ಲೋಟದಲ್ಲಿ ಮೊಗೆದರೆ ನೂರಾರು ಸಲ ಮೊಗೆಯಬೇಕು. ಬಿಂದಿಗೆಯಲ್ಲಾದರೆ ಕೆಲವೇ ಸಲ. ನೀರು ಅಷ್ಟೇ ಇದೆ, ಪಾತ್ರೆ ಬದಲಾಗಿದೆ. ಉದ್ದವೂ ಹಾಗೆಯೇ. ದೊಡ್ಡ ಅಳತೆಗೆ ಹೋದರೆ ಸಂಖ್ಯೆ ಇಳಿಯಬೇಕು, ಆದ್ದರಿಂದ ಭಾಗಿಸಿ. ಚಿಕ್ಕ ಅಳತೆಗೆ ಬಂದರೆ ಸಂಖ್ಯೆ ಏರಬೇಕು, ಆದ್ದರಿಂದ ಗುಣಿಸಿ. ಎಡವುವುದು ಯಾಕೆಂದರೆ, 'ದೊಡ್ಡದು' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಗುಣಾಕಾರಕ್ಕೆ ಹೋಗಿಬಿಡುತ್ತದೆ. ಮಗಳಿಗೆ ಲೆಕ್ಕ ಶುರು ಮಾಡುವ ಮೊದಲೇ ಒಂದು ಪ್ರಶ್ನೆ ಕೇಳಿ: ಉತ್ತರ ಈಗಿರುವ ಸಂಖ್ಯೆಗಿಂತ ಜಾಸ್ತಿ ಬರಬೇಕೋ ಕಮ್ಮಿ ಬರಬೇಕೋ? ಅವಳು ಅದನ್ನು ಹೇಳಿದ ಮೇಲೆ ಪೆನ್ಸಿಲ್ ಹಿಡಿಯಲಿ.

ಇನ್ನು ನೆನಪಿಡಬೇಕಾದದ್ದು. ಐದೇ ಸಂಖ್ಯೆ: 12, 3, 22, 10, 8. ಹನ್ನೆರಡು ಇಂಚಿಗೆ ಒಂದು ಅಡಿ. ಮೂರು ಅಡಿಗೆ ಒಂದು ಗಜ. 22 ಗಜಕ್ಕೆ ಒಂದು ಚೈನ್, ಅಂದರೆ ಭೂಮಾಪಕರ ಸರಪಳಿ. ಹತ್ತು ಚೈನಿಗೆ ಒಂದು ಫರ್ಲಾಂಗ್. ಎಂಟು ಫರ್ಲಾಂಗಿಗೆ ಒಂದು ಮೈಲಿ. ಇವನ್ನು ಸಾಲಾಗಿ ಗುಣಿಸುತ್ತಾ ಹೋದರೆ ನಿಮ್ಮನ್ನು ಹೆದರಿಸಿದ 63,360 ತಾನಾಗಿಯೇ ಬರುತ್ತದೆ. ಮೈಲಿಗೆ 1,760 ಗಜ, 5,280 ಅಡಿ ಎನ್ನುವುದೂ ಇದರೊಳಗೇ ಇದೆ.

ಚೈನ್ ಹಳೆಯ ಕಾಲದ್ದು, ಈಗ ಯಾರು ಬಳಸುತ್ತಾರೆ ಎಂದು ಬಿಟ್ಟುಬಿಡುವವರು ಜಾಸ್ತಿ. ನಾನು ಬಿಡುವುದಿಲ್ಲ. ಅದು ನಿಮಗೆ ಆಗಲೇ ಗೊತ್ತಿರುವ ಉದ್ದ. ಕ್ರಿಕೆಟ್ ಪಿಚ್‌ನ ಎರಡು ಬದಿಯ ಸ್ಟಂಪ್‌ಗಳ ನಡುವಿನ ದೂರ 22 ಗಜ, ಅಂದರೆ ಸರಿಯಾಗಿ ಒಂದು ಚೈನ್. ಹತ್ತು ಪಿಚ್‌ಗಳನ್ನು ತುದಿಗೆ ತುದಿ ಜೋಡಿಸಿದರೆ ಒಂದು ಫರ್ಲಾಂಗ್, ಎಂಬತ್ತು ಜೋಡಿಸಿದರೆ ಒಂದು ಮೈಲಿ. 'ಮೈಲಿಗೆ 1,760 ಗಜ' ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎಂಬತ್ತು ಪಿಚ್ ಎಂದರೆ ಮಗುವಿಗೂ ಕಾಣುತ್ತದೆ.

ಈಗ ನಿಮ್ಮ 10,000 ಇಂಚನ್ನೇ ತೆಗೆದುಕೊಳ್ಳಿ. ಒಂದೇ ನೆಗೆತಕ್ಕೆ ಮೇಲಕ್ಕೆ ಹಾರಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. 10,000 ಅನ್ನು 12ರಿಂದ ಭಾಗಿಸಿದರೆ 833, ಶೇಷ 4. ಆ 4 ಇಂಚಾಗಿಯೇ ಉಳಿಯಲಿ, ಪಕ್ಕಕ್ಕೆ ಬರೆದಿಡಿ. 833 ಅಡಿಯನ್ನು 3ರಿಂದ ಭಾಗಿಸಿದರೆ 277, ಶೇಷ 2. ಆ 2 ಅಡಿ. ಇಲ್ಲಿಗೆ ನಿಲ್ಲಿಸಿದರೆ ಪುಸ್ತಕದ ಉತ್ತರ. ಇನ್ನೂ ಹತ್ತಬೇಕೆನಿಸಿದರೆ 277 ಗಜವನ್ನು 22ರಿಂದ ಭಾಗಿಸಿ: 12 ಚೈನ್, ಶೇಷ 13 ಗಜ. 12 ಚೈನ್ ಎಂದರೆ 1 ಫರ್ಲಾಂಗ್ 2 ಚೈನ್. ಹಾಗಾಗಿ 10,000 ಇಂಚು ಎಂದರೆ 1 ಫರ್ಲಾಂಗ್, 2 ಚೈನ್, 13 ಗಜ, 2 ಅಡಿ, 4 ಇಂಚು. ಕಣ್ಣಿಟ್ಟು ನೋಡಬೇಕಾದದ್ದು ಒಂದೇ: ಶೇಷ ಯಾವಾಗಲೂ ನೀವು ಭಾಗಿಸುವ ಮೊದಲು ಇದ್ದ ಅಳತೆಯದು. ಇಂಚನ್ನು ಭಾಗಿಸಿದರೆ ಉಳಿದದ್ದು ಇಂಚು, ಅಡಿಯನ್ನು ಭಾಗಿಸಿದರೆ ಉಳಿದದ್ದು ಅಡಿ. ಮಕ್ಕಳು ಇದನ್ನು ತಿರುವುಮುರುವು ಮಾಡುತ್ತಾರೆ. ಶೇಷ ಬರೆದ ತಕ್ಷಣ ಅದರ ಪಕ್ಕದಲ್ಲಿ ಹೆಸರೂ ಬರೆಯುವ ಅಭ್ಯಾಸ ಮಾಡಿಸಿ.

ಇಳಿಯುವಾಗ ಇನ್ನೂ ಸುಲಭ. 2 ಮೈಲಿ 3 ಫರ್ಲಾಂಗ್ 5 ಗಜಕ್ಕೆ ಎಷ್ಟು ಇಂಚು? ಒಂದೊಂದನ್ನೂ ಬೇರೆ ಬೇರೆ ಇಂಚಿಗೆ ತಂದು ಕೊನೆಗೆ ಕೂಡುವುದು ಒಂದು ದಾರಿ. ತಪ್ಪೇನಿಲ್ಲ, ಆದರೆ ದೊಡ್ಡ ದೊಡ್ಡ ಗುಣಾಕಾರ ಮೂರು ಸಲ ಮಾಡಬೇಕು. ನಾನು ಮಾಡುವುದು ಹೀಗೆ: 2 ಮೈಲಿ ಎಂದರೆ 16 ಫರ್ಲಾಂಗ್. ದಾರಿಯಲ್ಲೇ ಕಾಯುತ್ತಿರುವ 3 ಫರ್ಲಾಂಗನ್ನು ಹತ್ತಿಸಿಕೊಂಡರೆ 19. ಫರ್ಲಾಂಗಿಗೆ ಹತ್ತು ಚೈನ್, ಅಂದರೆ 220 ಗಜ. 19ನ್ನು 220ರಿಂದ ಗುಣಿಸಿದರೆ 4,180 ಗಜ. ಅಲ್ಲಿ 5 ಗಜ ಹತ್ತಿಸಿಕೊಂಡರೆ 4,185. ಅದನ್ನು 36ರಿಂದ ಗುಣಿಸಿದರೆ 1,50,660 ಇಂಚು. ಬಸ್ಸು ಒಂದೊಂದೇ ನಿಲ್ದಾಣದಲ್ಲಿ ನಿಂತು ಜನ ಹತ್ತಿಸಿಕೊಂಡ ಹಾಗೆ.

ಇನ್ನು ಆ ಚುಕ್ಕೆಯ ವಿಷಯ. ಇದರಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಪುಸ್ತಕದ ಕಪಾಟಿಗೆ ಹಲಗೆ ಬೇಕಿತ್ತು. ಟೇಪ್ ಹಿಡಿದು ಅಳೆದೆ, 4 ಅಡಿ 8 ಇಂಚು. ಚೀಟಿಯಲ್ಲಿ ಸುಮ್ನೆ 4.8 ಎಂದು ಗೀಚಿಕೊಟ್ಟೆ. ಹಲಗೆ ಕತ್ತರಿಸಿದವನು ಅದನ್ನು ದಶಮಾಂಶ ಎಂದೇ ಓದಿದ. 4.8 ಅಡಿ ಎಂದರೆ 4 ಅಡಿ 9.6 ಇಂಚು. ಹಲಗೆ ಒಂದೂವರೆ ಇಂಚಿಗಿಂತ ಜಾಸ್ತಿ ಉದ್ದವಾಗಿ ಬಂತು, ಕಪಾಟಿನೊಳಗೆ ಹೋಗಲೇ ಇಲ್ಲ. ತಪ್ಪು ಅವನದಲ್ಲ. ಉದ್ದ ಬಂದಿದ್ದಕ್ಕೆ ಕತ್ತರಿಸಿಕೊಂಡು ಬಚಾವಾದೆ.

ಜನರ ಎತ್ತರ ಹೇಳುವಾಗಲೂ ಇದೇ ಕಥೆ. 'ಐದು ಪಾಯಿಂಟ್ ಆರು' ಎನ್ನುತ್ತೇವೆ. ಮನಸ್ಸಿನಲ್ಲಿರುವುದು 5 ಅಡಿ 6 ಇಂಚು, ಆದರೆ 5.6 ಅಡಿ ಎಂದರೆ 5 ಅಡಿ 7.2 ಇಂಚು. 5 ಅಡಿ 6 ಇಂಚು ನಿಜವಾಗಿ 5.5 ಅಡಿ. ಅದಕ್ಕಿಂತ ದೊಡ್ಡ ಎಡವಟ್ಟು 5.10ರದ್ದು. 5 ಅಡಿ 10 ಇಂಚು ಇರುವವರು 5.10 ಎಂದು ತುಂಬುತ್ತಾರೆ. ಕಂಪ್ಯೂಟರ್ ಕೊನೆಯ ಸೊನ್ನೆಯನ್ನು ಬಿಸಾಕಿ 5.1 ಎಂದು ಓದುತ್ತದೆ. 5.1 ಅಡಿ ಎಂದರೆ 5 ಅಡಿ 1.2 ಇಂಚು. ಆಳು ಒಂದೇ ಏಟಿಗೆ ಸುಮಾರು ಒಂಬತ್ತು ಇಂಚು ಗಿಡ್ಡ! ಆದ್ದರಿಂದ ಚುಕ್ಕೆ ಬೇಡ. ಅಡಿಗೆ ಒಂದು ಗೀಟು, ಇಂಚಿಗೆ ಎರಡು ಗೀಟು ಹಾಕಿ 5′ 10″ ಎಂದು ಬರೆಯಿರಿ. ಅಥವಾ ಪದದಲ್ಲೇ ಬರೆಯಿರಿ.

ಮ್ಯಾರಥಾನ್ ಓಟದ ದೂರ ಇದಕ್ಕೆ ಇನ್ನೂ ಚೆನ್ನಾದ ಉದಾಹರಣೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ 26 ಮೈಲಿ 385 ಗಜ. 1921ರಲ್ಲಿ ಅದನ್ನೇ ಅಧಿಕೃತ ದೂರವಾಗಿ ನಿಗದಿ ಮಾಡಿದರು. ಓಟಗಾರರು ಬಾಯಿಮಾತಿಗೆ 26.2 ಮೈಲಿ ಎನ್ನುತ್ತಾರೆ. 0.2 ಮೈಲಿ ಎಂದರೆ 352 ಗಜ. ಅಲ್ಲಿಗೆ 33 ಗಜ ಮಾಯವಾಯಿತು. ಒಂದೂವರೆ ಕ್ರಿಕೆಟ್ ಪಿಚ್ ಉದ್ದ! ಅಷ್ಟು ದೂರ ಓಡಿ ಸುಸ್ತಾದವನಿಗೆ ಕೊನೆಯ 33 ಗಜ ಏನು ಅಂತ ಕೇಳಿ ನೋಡಿ. ಸರಿಯಾದ ದಶಮಾಂಶ 26.21875. ಇದನ್ನು ಯಾರೂ ನೆನಪಿಡುವುದಿಲ್ಲ, 26 ಮೈಲಿ 385 ಗಜವನ್ನು ನೆನಪಿಡಬಹುದು. ದೊಡ್ಡ ಅಳತೆಯಲ್ಲಿ ದಶಮಾಂಶವನ್ನು ಮೊಟಕು ಮಾಡಿದರೆ ಚಿಕ್ಕ ಅಳತೆಯಲ್ಲಿ ಅದು ಎಷ್ಟಾಗುತ್ತದೆ ಎಂದು ಒಮ್ಮೆ ಇಳಿಸಿ ನೋಡುವುದು ಒಳ್ಳೆಯದು. ಮೈಲಿಯ ನೂರರಲ್ಲಿ ಒಂದು ಪಾಲು ಎಂದರೂ 52 ಅಡಿಗಿಂತ ಜಾಸ್ತಿ.

ದಶಮಾಂಶದಲ್ಲಿ ಸಿಕ್ಕಿದ್ದನ್ನು ಟೇಪಿಗೆ ತರಬೇಕಾದರೂ ಮೆಟ್ಟಿಲೇ. 7.35 ಅಡಿ ಎಂದುಕೊಳ್ಳಿ. 7 ಅಡಿಯನ್ನು ಎತ್ತಿಡಿ. ಉಳಿದ 0.35ನ್ನು 12ರಿಂದ ಗುಣಿಸಿದರೆ 4.2 ಇಂಚು. 4 ಇಂಚನ್ನು ಎತ್ತಿಡಿ. ಟೇಪಿನಲ್ಲಿ ಇಂಚು ಹತ್ತು ಪಾಲಾಗಿರುವುದಿಲ್ಲ. ಅರ್ಧ, ಕಾಲು, ಎಂಟರಲ್ಲೊಂದು, ಹದಿನಾರರಲ್ಲೊಂದು ಎಂದು ಅರ್ಧ ಅರ್ಧವಾಗಿ ಒಡೆದಿರುತ್ತದೆ. 0.2ನ್ನು 16ರಿಂದ ಗುಣಿಸಿದರೆ 3.2, ಅಂದರೆ ಹದಿನಾರರಲ್ಲಿ ಸುಮಾರು ಮೂರು ಗೀಟು. ಉತ್ತರ 7 ಅಡಿ, 4 ಇಂಚು, ಅದರ ಮೇಲೆ 3/16 ಇಂಚು.

ಕೂಡುವುದು, ಕಳೆಯುವುದು ಮಾಮೂಲಿ. ಒಂದೇ ವ್ಯತ್ಯಾಸ, ಕೈಯಲ್ಲಿ ಹತ್ತು ಹಿಡಿಯುವ ಬದಲು ಹನ್ನೆರಡು ಹಿಡಿಯಬೇಕು. 5 ಅಡಿ 9 ಇಂಚಿಗೆ 3 ಅಡಿ 7 ಇಂಚು ಕೂಡಿದರೆ 8 ಅಡಿ 16 ಇಂಚು, ಅಂದರೆ 9 ಅಡಿ 4 ಇಂಚು. 10 ಅಡಿ 2 ಇಂಚಿನಲ್ಲಿ 6 ಅಡಿ 9 ಇಂಚು ಕಳೆಯಬೇಕಾದರೆ ಒಂದು ಅಡಿಯನ್ನು ಮುರಿದು 9 ಅಡಿ 14 ಇಂಚು ಮಾಡಿಕೊಳ್ಳಿ. ಉಳಿಯುವುದು 3 ಅಡಿ 5 ಇಂಚು.

ಇಷ್ಟೆಲ್ಲ ಯಾಕೆ ಹೀಗೆ, ಎಲ್ಲವನ್ನೂ ಹತ್ತರಲ್ಲೇ ಇಡಬಾರದಿತ್ತಾ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಕೇಳದಿದ್ದರೂ ನೀವೇ ಹೇಳಿ, ಲೆಕ್ಕಕ್ಕಿಂತ ಈ ಕಥೆ ಸೊಗಸು. ಈ ಅಳತೆಗಳನ್ನು ಯಾರೋ ಒಬ್ಬರು ಕೂತು ಒಟ್ಟಿಗೆ ಮಾಡಿದ್ದಲ್ಲ. ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವನ್ನು ಆಮೇಲೆ ಒಂದೇ ದಾರಕ್ಕೆ ಪೋಣಿಸಿದ್ದು. 'ಇಂಚ್' ಎಂಬ ಮಾತು ಬಂದಿದ್ದು ಲ್ಯಾಟಿನ್ನಿನ 'ಉಂಕಿಯಾ'ದಿಂದ, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ತೂಕದ ಔನ್ಸ್ ಕೂಡ ಅದೇ ಮಾತಿನ ಇನ್ನೊಂದು ರೂಪ. ಹನ್ನೆರಡನ್ನು ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು ಮಾಡಿದರೂ ಪೂರ್ತಿ ಸಂಖ್ಯೆಯೇ ಸಿಗುತ್ತದೆ. ಹತ್ತರ ಮೂರನೇ ಒಂದು ಪಾಲು ಬೇಕೆಂದರೆ 3.333 ಎಂದು ಒದ್ದಾಡಬೇಕು. ಕೈಯಲ್ಲಿ ಕೆಲಸ ಮಾಡುವವರಿಗೆ ಹನ್ನೆರಡು ಅನುಕೂಲ.

ಫರ್ಲಾಂಗ್ ಹುಟ್ಟಿದ್ದು ಹೊಲದಲ್ಲಿ. 'ಫರ್ರೋ' ಎಂದರೆ ನೇಗಿಲ ಸಾಲು, 'ಲಾಂಗ್' ಎಂದರೆ ಉದ್ದ. ಒಂದು ಫರ್ಲಾಂಗ್ ಉದ್ದ, ಒಂದು ಚೈನ್ ಅಗಲದ ಪಟ್ಟಿಯೇ ಒಂದು ಎಕರೆ. 220 ಗಜವನ್ನು 22 ಗಜದಿಂದ ಗುಣಿಸಿ, 4,840 ಚದರ ಗಜ.

ಮೈಲಿ ಬಂದಿದ್ದು ರೋಮನ್ನರ ದಂಡಿನ ದಾರಿಯಿಂದ. ಅವರ ಮೈಲಿ ಎಂದರೆ ಸಾವಿರ ಹೆಜ್ಜೆ. ಎಡಗಾಲು ಬಲಗಾಲು ಎರಡೂ ಸೇರಿ ಒಂದು ಹೆಜ್ಜೆ, ಅದಕ್ಕೆ ಐದು ರೋಮನ್ ಅಡಿ. ಒಟ್ಟು 5,000 ಅಡಿ, ಎಷ್ಟು ಸಲೀಸು! ಹಾಗಿದ್ದರೆ 280 ಅಡಿ ಎಲ್ಲಿಂದ ಸೇರಿಕೊಂಡಿತು? ಇಂಗ್ಲೆಂಡಿನಲ್ಲಿ ಹೊಲಗಳ ಅಳತೆ ಫರ್ಲಾಂಗ್ ಮತ್ತು ಅದರ ನಲವತ್ತನೇ ಪಾಲಾದ 'ಪೋಲ್' ಎಂಬ ಕೋಲಿನ ಮೇಲೆ ನಿಂತಿತ್ತು. ಕೋಲಿಗೆ ಹದಿನಾರೂವರೆ ಅಡಿ, ಫರ್ಲಾಂಗಿಗೆ 660 ಅಡಿ. ಅದನ್ನು ಮುಟ್ಟಿದರೆ ಎಲ್ಲರ ಜಮೀನಿನ ಲೆಕ್ಕವೂ ಅಲುಗಾಡುತ್ತಿತ್ತು. ಮೈಲಿಯನ್ನು ಹಿಗ್ಗಿಸುವುದೇ ಸುಲಭ. 1593ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದ ಒಂದು ಕಾಯ್ದೆ ಮೈಲಿಗೆ ಎಂಟು ಫರ್ಲಾಂಗ್ ಎಂದು ಬರೆಯಿತು. ಎಂಟು 660 ಎಂದರೆ 5,280. ತಮಾಷೆ ಏನೆಂದರೆ ಅದು ಅಳತೆಯ ಕಾಯ್ದೆಯೇ ಅಲ್ಲ. ಲಂಡನ್ ಸುತ್ತ ಮನೆ ಕಟ್ಟುವುದಕ್ಕೆ ಕಡಿವಾಣ ಹಾಕುವ ಕಾಯ್ದೆ. 'ಇಷ್ಟು ಮೈಲಿಯೊಳಗೆ' ಎಂದು ಹೇಳಬೇಕಾದರೆ ಮೈಲಿ ಎಂದರೆ ಎಷ್ಟು ಎನ್ನುವುದನ್ನೂ ಹೇಳಬೇಕಲ್ವಾ?

ಚೈನ್ ಬಂದಿದ್ದು ಆಮೇಲೆ. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 66 ಅಡಿಯ ಸರಪಳಿಯನ್ನು ನೂರು ಕೊಂಡಿಗಳಾಗಿ ಮಾಡಿದ. ಒಂದು ಕೊಂಡಿ 7.92 ಇಂಚು. ನೋಡಲು ವಿಚಿತ್ರ, ಆದರೆ ಆಸಾಮಿ ಬಲು ಜಾಣ. ನೂರು ಕೊಂಡಿ ಇರುವುದರಿಂದ ಭೂಮಾಪಕ 3 ಚೈನ್ 45 ಕೊಂಡಿಯನ್ನು ನೇರವಾಗಿ 3.45 ಚೈನ್ ಎಂದು ಬರೆಯಬಹುದು. ಹತ್ತು ಚದರ ಚೈನಿಗೆ ಸರಿಯಾಗಿ ಒಂದು ಎಕರೆ. ಹನ್ನೆರಡು, ಮೂರು, ಎಂಟರ ಈ ಸಂತೆಯೊಳಗೆ ಹತ್ತರ ಲೆಕ್ಕವನ್ನು ಅವನು ಮೆಲ್ಲಗೆ ನುಗ್ಗಿಸಿಬಿಟ್ಟ. ಚುಕ್ಕೆ ಹಾಕಿ ಬರೆದರೂ ಮೋಸ ಹೋಗದ ಜಾಗ ಈ ಏಣಿಯಲ್ಲಿ ಇದ್ದರೆ ಅದು ಇದೇ.

ಎವರೆಸ್ಟ್ ಒಂದು ಒಳ್ಳೆಯ ಅಭ್ಯಾಸದ ಲೆಕ್ಕ. 2020ರಲ್ಲಿ ಘೋಷಿಸಿದ ಎತ್ತರ 8,848.86 ಮೀಟರ್, ಅಡಿಯಲ್ಲಿ ಸುಮಾರು 29,032. ಎಷ್ಟು ಮೈಲಿ? ಐದು ಮೈಲಿಗೆ 26,400 ಅಡಿ ಹೋಯಿತು, ಉಳಿದದ್ದು 2,632 ಅಡಿ. ಅದನ್ನು 3ರಿಂದ ಭಾಗಿಸಿದರೆ 877 ಗಜ 1 ಅಡಿ. ಅಂದರೆ 5 ಮೈಲಿ 877 ಗಜ 1 ಅಡಿ. ಅರ್ಧ ಮೈಲಿಗೆ 2,640 ಅಡಿ. ಜಗತ್ತಿನ ಅತಿ ಎತ್ತರದ ಶಿಖರ ಐದೂವರೆ ಮೈಲಿಗೆ ಎಂಟೇ ಅಡಿ ಕಮ್ಮಿ! ಬರೀ 29,032 ಎಂಬ ಸಂಖ್ಯೆ ನೋಡಿದರೆ ಇದು ಹೊಳೆಯುವುದೇ ಇಲ್ಲ.

ಎರಡು ಕಡೆ ಹುಷಾರಾಗಿರಿ. ಒಂದು, ವಿಸ್ತೀರ್ಣ. ಅಡಿಗೆ 12 ಇಂಚು ಇದ್ದರೂ ಚದರ ಅಡಿಗೆ 12 ಚದರ ಇಂಚಲ್ಲ, 144. ಚದರ ಗಜಕ್ಕೆ 9 ಚದರ ಅಡಿ. 10 ಅಡಿ 6 ಇಂಚು ಅಗಲ, 12 ಅಡಿ 4 ಇಂಚು ಉದ್ದದ ಕೋಣೆಯನ್ನು 10.6 ಗುಣಿಸು 12.4 ಎಂದು ಹಾಕಿದರೆ 131.44 ಚದರ ಅಡಿ ಬರುತ್ತದೆ. ನಿಜವಾದ ವಿಸ್ತೀರ್ಣ 129.5. ಅದೇ ಚುಕ್ಕೆಯ ಕಾಟ.

ಇನ್ನೊಂದು, ಎಲ್ಲ ಮೈಲಿಯೂ ಒಂದೇ ಅಲ್ಲ. ಹಡಗು, ವಿಮಾನದವರು ಬಳಸುವ ನಾಟಿಕಲ್ ಮೈಲಿ 1,852 ಮೀಟರ್, ಸುಮಾರು 6,076 ಅಡಿ. ಅದಕ್ಕೆ 5,280 ಹಾಕಬೇಡಿ. ಅಡಿಯಲ್ಲೂ ಒಂದು ಸಣ್ಣ ಭೇದ ಇತ್ತು. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸೇರಿ ಗಜವನ್ನು ಸರಿಯಾಗಿ 0.9144 ಮೀಟರ್ ಎಂದು ಒಪ್ಪಿಕೊಂಡವು. ಇಂಚು 25.4 ಮಿಲಿಮೀಟರ್ ಆಗಿದ್ದು ಹಾಗೆ. ಅಮೆರಿಕದ ಭೂಮಾಪಕರು ಮಾತ್ರ ತಮ್ಮ ಹಳೆಯ ಅಡಿಯನ್ನೇ ಇಟ್ಟುಕೊಂಡರು. ವ್ಯತ್ಯಾಸ ಒಂದು ಮೈಲಿಗೆ ಸುಮಾರು ಮೂರು ಮಿಲಿಮೀಟರ್. 2022ರ ಕೊನೆಗೆ ಅದಕ್ಕೂ ಅಲ್ಲಿ ವಿದಾಯ ಹೇಳಿದರು. ಮಗಳ ಪುಸ್ತಕಕ್ಕೆ ಇದು ಬೇಕಾಗುವುದಿಲ್ಲ ಬಿಡಿ.

ಕೊನೆಗೆ, ಉತ್ತರ ಸರಿಯೋ ಎಂದು ನೋಡಲು ಪುಸ್ತಕದ ಹಿಂದಿನ ಪುಟ ತಿರುವಬೇಕಾಗಿಲ್ಲ. ಹತ್ತಿದ ಮೆಟ್ಟಿಲನ್ನೇ ಇಳಿದು ನೋಡಿ. 277 ಗಜವನ್ನು 36ರಿಂದ ಗುಣಿಸಿದರೆ 9,972 ಇಂಚು. 2 ಅಡಿಗೆ 24 ಇಂಚು, ಅದರ ಮೇಲೆ 4. ಒಟ್ಟು 10,000, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಕ್ಯಾಲ್ಕುಲೇಟರಿನ 277.78ನ್ನೂ 36ರಿಂದ ಗುಣಿಸಿ. 10,000.08 ಬರುತ್ತದೆ.